ದಾವಣಗೆರೆಯಂಥ ಊರಿನ ಫಿಜಿಷಿಯನ್ ಹೊಸ ಸಂಶೋಧನೆಗಳನ್ನು ಹೇಗೆ ಗಮನಿಸುತ್ತಿರಬೇಕು?

ಹರಿಹರ, ಜಗಳೂರು, ಚನ್ನಗಿರಿಗಳಿಂದ ಬಂದ ರೋಗಿಗಳ ಸಾಲು ಮಧ್ಯಾಹ್ನ ದಾಟಿದರೂ ಕರಗದಿರುವಾಗ, ಪ್ರಕಟವಾಗುವುದನ್ನೆಲ್ಲ ಓದುವುದು ಅಸಾಧ್ಯ. ಅದರ ಅಗತ್ಯವೂ ಇಲ್ಲ. ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣವಾದ ಪಬ್‌ಮೆಡ್‌ನಲ್ಲಿ ಉಚಿತ ಖಾತೆ ತೆರೆದು, ತಾವು ಹೆಚ್ಚಾಗಿ ನೋಡುವ ನಾಲ್ಕೈದು ಕಾಯಿಲೆಗಳ ಹುಡುಕಾಟವನ್ನು ಉಳಿಸಿಟ್ಟರೆ, ಹೊಸ ಲೇಖನಗಳ ಪಟ್ಟಿ ವಾರಕ್ಕೊಮ್ಮೆ ಇಮೇಲ್‌ಗೆ ಬರುತ್ತದೆ. ಮಧುಮೇಹದ ಮಟ್ಟಿಗೆ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಪ್ರತಿವರ್ಷ ಪರಿಷ್ಕರಿಸುವ ಮಾರ್ಗಸೂಚಿಯಿಂದ ಆರಂಭಿಸಬಹುದು.

ಆದರೆ ಎಷ್ಟು ಓದಿದೆವು ಎಂಬುದಕ್ಕಿಂತ ಅಂಕಿಗಳನ್ನು ಹೇಗೆ ಓದಿದೆವು ಎಂಬುದೇ ಮುಖ್ಯ. ಹೃದಯ ವೈಫಲ್ಯದಲ್ಲಿ ಡಾಪಾಗ್ಲಿಫ್ಲೋಜಿನ್ (ಮೊದಲು ಮಧುಮೇಹಕ್ಕೆಂದು ಬಂದ ಔಷಧಿ) ಕುರಿತು 2019ರಲ್ಲಿ ಪ್ರಕಟವಾದ ಡಾಪಾ-ಎಚ್‌ಎಫ್ ಪ್ರಯೋಗದಲ್ಲಿ 4,744 ರೋಗಿಗಳಿದ್ದರು. ಕಾಯಿಲೆ ಉಲ್ಬಣಿಸಿದವರು ಅಥವಾ ಹೃದ್ರೋಗದಿಂದ ತೀರಿಕೊಂಡವರು ಹುಸಿ ಮಾತ್ರೆಯ (ಔಷಧಿಯ ಅಂಶವಿಲ್ಲದ ಮಾತ್ರೆ) ಗುಂಪಿನಲ್ಲಿ ಶೇ. 21.2, ಔಷಧಿಯ ಗುಂಪಿನಲ್ಲಿ ಶೇ. 16.3. ಇದನ್ನು ‘ಅಪಾಯ ಶೇ. 26ರಷ್ಟು ಇಳಿಯಿತು’ ಎನ್ನಬಹುದು. ‘ಸುಮಾರು ಒಂದೂವರೆ ವರ್ಷ 21 ಮಂದಿಗೆ ಔಷಧಿ ಕೊಟ್ಟರೆ ಒಬ್ಬರಿಗೆ ಆ ಗಂಡಾಂತರ ತಪ್ಪುತ್ತದೆ’ ಎಂದೂ ಹೇಳಬಹುದು. ಎರಡೂ ನಿಜವೇ. ಮೆಡಿಕಲ್ ರೆಪ್‌ಗಳು ತರುವ ಹೊಳಪು ಕಾಗದದಲ್ಲಿ ದಪ್ಪಕ್ಷರ ಸಿಗುವುದು ಸಾಮಾನ್ಯವಾಗಿ ಮೊದಲನೆಯದಕ್ಕೆ. ಪ್ರಯೋಗದಲ್ಲಿದ್ದವರೆಲ್ಲ ಹೃದಯದ ಪಂಪಿಂಗ್ (ಪ್ರತಿ ಬಡಿತಕ್ಕೆ ಎಡ ಕುಹರ ಹೊರದೂಡುವ ರಕ್ತದ ಪಾಲು) ಶೇ. 40 ಅಥವಾ ಅದಕ್ಕಿಂತ ಕಡಿಮೆಯಿದ್ದವರು, ಅರ್ಧಕ್ಕಿಂತ ಹೆಚ್ಚು ಮಂದಿಗೆ ಮಧುಮೇಹವಿರಲಿಲ್ಲ ಎಂಬ ವಿವರವನ್ನು ಮೂಲ ಲೇಖನದಲ್ಲಿಯೇ ನೋಡಿಕೊಳ್ಳಬೇಕು. ನಮ್ಮೆದುರಿನ ರೋಗಿಗೆ ಆ ಫಲಿತಾಂಶ ಅನ್ವಯಿಸುತ್ತದೆಯೇ ಎಂಬುದು ಅದರಿಂದಲೇ ತಿಳಿಯುತ್ತದೆ.

ಒಬ್ಬರೇ ಓದುವುದು ಬೇಸರವೆನಿಸಿದರೆ, ಜೆಜೆಎಂ ವೈದ್ಯಕೀಯ ಕಾಲೇಜಿನಂಥ ಸ್ನಾತಕೋತ್ತರ ಕೇಂದ್ರದವರನ್ನು ಕೇಳಿ, ಹೊಸ ಲೇಖನಗಳನ್ನು ಒಟ್ಟಿಗೆ ಓದಿ ಚರ್ಚಿಸುವ ಅವರ ಜರ್ನಲ್ ಕ್ಲಬ್‌ನಲ್ಲಿ ಕುಳಿತುಕೊಳ್ಳಲು ಅವಕಾಶವಿದೆಯೇ ಎಂದು ವಿಚಾರಿಸಬಹುದು.