ಗಂಡು ಬೆಕ್ಕಿನ ಗುರುತು, ಮನೆಯವರ ಮುನಿಸು: ಒಂದು ಆಪ್ತಸಲಹೆ ಪ್ರಕರಣ

ಕುಟುಂಬದವರ ಒಪ್ಪಿಗೆ ಪಡೆದು, ಅವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಮೈಸೂರಿನ ಒಂದು ಬಡಾವಣೆಯಲ್ಲಿ ವಾಸವಾಗಿರುವ ಈ ಮನೆಯಲ್ಲಿ ನಾಲ್ವರಿದ್ದಾರೆ: ಪ್ರೌಢಶಾಲೆಯಲ್ಲಿ ಶಿಕ್ಷಕಿಯಾಗಿರುವ ತಾಯಿ, ಖಾಸಗಿ ಉದ್ಯೋಗದಲ್ಲಿರುವ ತಂದೆ, ದ್ವಿತೀಯ ಪಿಯುಸಿ ಓದುತ್ತಿರುವ ಮಗಳು ಮತ್ತು ಬೇಸಾಯ ಬಿಟ್ಟು ಹಳ್ಳಿಯಿಂದ ಬಂದು ಮಗನೊಂದಿಗಿರುವ ತಾತ. ತಾಯಿ ನನ್ನನ್ನು ಕಾಣಲು ಬಂದದ್ದು ಮಗಳ ಸಲುವಾಗಿ. ಅವಳು ಊಟಕ್ಕೆ ಎಲ್ಲರೊಂದಿಗೆ ಕೂರುವುದಿಲ್ಲ, ಅಪ್ಪನೊಂದಿಗೆ ಮಾತು ಬಿಟ್ಟಿದ್ದಾಳೆ, ಪರೀಕ್ಷೆ ಹತ್ತಿರವಾದರೂ ಪುಸ್ತಕ ಮುಟ್ಟುತ್ತಿಲ್ಲ ಎಂಬುದು ಅವರ ಅಳಲು. ಇದಕ್ಕೆಲ್ಲ ಮೂಲವೇನೆಂದು ಕೇಳಿದಾಗ ಅವರು ತುಸು ಸಂಕೋಚದಿಂದ, “ಮನೇಲಿ ಒಂದು ಗಂಡು ಬೆಕ್ಕಿದೆ ಮೇಡಂ, ಎಲ್ಲಾ ಅದರಿಂದಲೇ ಶುರುವಾಗಿದ್ದು” ಎಂದರು. ಸಂಕೋಚಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಸಾಕುಪ್ರಾಣಿಯಿಂದಾಗಿ ಮನೆಯವರ ನಡುವೆ ಮಾತು ನಿಂತುಹೋದರೆ ಅದು ಆ ಮನೆಯ ನಿಜವಾದ ಸಮಸ್ಯೆಯೇ.

ಮಗಳು ಒಂದು ಮಳೆಗಾಲದಲ್ಲಿ ಚರಂಡಿಯ ಪಕ್ಕದಿಂದ ಎತ್ತಿ ತಂದ ಮರಿ ಅದು. ಈಗ ಅದಕ್ಕೆ ಸುಮಾರು ಒಂದೂವರೆ ವರ್ಷ. ಮೊದಲ ಎಂಟು ತಿಂಗಳು ಮರಳಿನ ಟ್ರೇಯನ್ನು ತಪ್ಪದೆ ಬಳಸುತ್ತಿದ್ದ ಬೆಕ್ಕು, ಆಮೇಲೆ ಬಾಲವನ್ನು ನೆಟ್ಟಗೆ ಎತ್ತಿ, ನಡುಗಿಸುತ್ತ, ನಿಂತಲ್ಲಿಂದಲೇ ಹಿಂದಕ್ಕೆ ಮೂತ್ರ ಚಿಮ್ಮಿಸಲು ಆರಂಭಿಸಿತು. ಚಪ್ಪಲಿ ಸ್ಟ್ಯಾಂಡ್, ಹಿತ್ತಲ ಬಾಗಿಲು, ಗ್ಯಾಸ್ ಸಿಲಿಂಡರ್, ಕಿಟಕಿಯ ಪರದೆ, ಕೊನೆಗೆ ದೇವರ ಕೋಣೆಯ ಬಾಗಿಲು, ಯಾವುದೂ ಉಳಿಯಲಿಲ್ಲ. ರಾತ್ರಿಯಿಡೀ ಮಗು ಅತ್ತಂತೆ ಕೂಗುವುದು, ಎರಡು ಮೂರು ದಿನ ಕಾಣೆಯಾಗಿ ಕೆನ್ನೆಯಲ್ಲಿ ಕೀವು ತುಂಬಿದ ಗಾಯದೊಂದಿಗೆ ಮರಳುವುದು, ಅಕ್ಕಪಕ್ಕದವರ ದೂರು, ಇವೆಲ್ಲ ಅದರ ಹಿಂದೆಯೇ ಬಂದವು. ಮುಂದಿನ ಭಾನುವಾರ ಅದನ್ನು ಗೋಣಿಚೀಲದಲ್ಲಿ ಹಾಕಿ ದೂರದ ಮಾರುಕಟ್ಟೆಯ ಬಳಿ ಬಿಟ್ಟುಬರುವುದಾಗಿ ತಂದೆ ಹೇಳಿದ ದಿನದಿಂದ ಮಗಳು ಅವರೊಂದಿಗೆ ಮಾತನಾಡಿಲ್ಲ.

ಈ ವಿವರಗಳ ನಡುವೆ ತಾಯಿ ಮಾತಿಗೆ ಮಾತು ಬಂದಂತೆ ಇನ್ನೊಂದು ಸಂಗತಿಯನ್ನು ಹೇಳಿದರು. ಎರಡು ದಿನಗಳ ಹಿಂದೆ ಹಿತ್ತಲಿನಲ್ಲಿ ತಮ್ಮ ಬೆಕ್ಕು ಹೊರಗಿನ ಬೆಕ್ಕಿನೊಂದಿಗೆ ಕಾದಾಡುತ್ತಿದ್ದಾಗ ಬಿಡಿಸಲು ಹೋದ ತಾತನ ಕೈಗೆ ಕಚ್ಚಿದೆ. ಗಾಯಕ್ಕೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದ್ದಾರೆ. ಬೆಕ್ಕಿಗೆ ರೇಬಿಸ್ ಲಸಿಕೆ ಹಾಕಿಸಿರಲಿಲ್ಲ. ಉಳಿದ ಮಾತನ್ನೆಲ್ಲ ಅಲ್ಲಿಗೇ ನಿಲ್ಲಿಸಿ, ಆ ದಿನವೇ ತಾತನನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಹೇಳಿದೆ. ಬೆಕ್ಕು ಕಚ್ಚಿದರೂ ಪರಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಏನನ್ನೂ ಹಚ್ಚಬಾರದು. ಲಸಿಕೆಯನ್ನು ತಡಮಾಡದೆ ಆರಂಭಿಸಿ ವೈದ್ಯರು ಹೇಳಿದಷ್ಟು ಡೋಸುಗಳನ್ನೂ ಪೂರ್ತಿಗೊಳಿಸಬೇಕು. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆ ಎಂಬ ನಂಬಿಕೆ ಓದಿದವರ ಮನೆಗಳಲ್ಲಿಯೂ ಇದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಚಿಕಿತ್ಸೆ ಇಲ್ಲದ ಕಾಯಿಲೆಯ ವಿಷಯದಲ್ಲಿ ಇಂಥ ನಂಬಿಕೆಯನ್ನು ಸುಮ್ಮನೆ ಬಿಡುವಂತಿಲ್ಲ. ತಾತ ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಂಡರು.

ಎರಡನೆಯ ಹೆಜ್ಜೆಯಾಗಿ ಬೆಕ್ಕನ್ನು ಪಶುವೈದ್ಯರಿಗೆ ತೋರಿಸಲು ಸೂಚಿಸಿದೆ. ನಡವಳಿಕೆಯ ಬಗ್ಗೆ ಸಲಹೆ ಕೊಡುವವರು ಯಾರೇ ಆಗಲಿ, ದೇಹದಲ್ಲಿ ಕಾಯಿಲೆಯಿಲ್ಲ ಎಂದು ಖಚಿತವಾಗುವವರೆಗೆ ಮೂತ್ರದ ಸಮಸ್ಯೆಯನ್ನು ಬರೀ ಸ್ವಭಾವದ್ದೆಂದು ಭಾವಿಸಬಾರದು. ನಿಂತು, ಗೋಡೆ ಬಾಗಿಲುಗಳಂಥ ನೆಟ್ಟಗಿನ ಮೇಲ್ಮೈಗೆ, ಸ್ವಲ್ಪವೇ ಪ್ರಮಾಣದಲ್ಲಿ ಚಿಮ್ಮಿಸಿದರೆ ಅದು ತನ್ನ ಜಾಗಕ್ಕೆ ವಾಸನೆಯ ಗುರುತು ಹಾಕುವ ಕ್ರಿಯೆ. ಕುಳಿತು, ನೆಲದ ಮೇಲೋ ಹಾಸಿಗೆಯ ಮೇಲೋ ಮೂತ್ರ ಮಾಡುತ್ತಿದ್ದರೆ ಕಾರಣ ಬೇರೆ ಇರಬಹುದು. ಪದೇ ಪದೇ ಕುಳಿತು ತಿಣುಕಿದರೂ ಮೂತ್ರ ಬಾರದಿದ್ದರೆ ಅದು ಮೂತ್ರನಾಳ ಕಟ್ಟಿಕೊಂಡಿರುವ ಸೂಚನೆ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹೀಗೆ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದು, ಆದ್ದರಿಂದ ಬೆಳಗಾಗಲೆಂದು ಕಾಯಬಾರದು. ಈ ಬೆಕ್ಕಿನಲ್ಲಿ ಅಂಥದ್ದೇನೂ ಇರಲಿಲ್ಲ. ಕೆನ್ನೆಯ ಗಾಯಕ್ಕೆ ಚಿಕಿತ್ಸೆಯಾಯಿತು, ಲಸಿಕೆಗಳ ವಿಚಾರವೂ ಪ್ರಸ್ತಾಪವಾಯಿತು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ವೈದ್ಯರು ಹೇಳಿದರು. ಆ ಮಾತಿನಿಂದ ಮನೆಯಲ್ಲಿ ಜಗಳ ಇನ್ನಷ್ಟು ಹೆಚ್ಚಿತು.

ನಾಲ್ವರನ್ನೂ ಒಟ್ಟಿಗೆ ಕೂರಿಸಿ ಮಾತನಾಡುವ ಮೊದಲು ಮಗಳಿಗೆ ಒಂದು ಕೆಲಸ ಒಪ್ಪಿಸಿದೆ. ಮನೆಯ ನಕ್ಷೆಯೊಂದನ್ನು ಬರೆದು, ಬೆಕ್ಕು ಎಲ್ಲೆಲ್ಲಿ, ಯಾವ ಹೊತ್ತಿನಲ್ಲಿ ಮೂತ್ರ ಚಿಮ್ಮಿಸುತ್ತದೆ ಎಂಬುದನ್ನು ಗುರುತಿಸಬೇಕು. ಅವಳು ಶ್ರದ್ಧೆಯಿಂದ ಮಾಡಿ ತಂದಳು. ನಕ್ಷೆಯನ್ನು ಮೇಜಿನ ಮೇಲೆ ಹರಡಿದಾಗ ಎಲ್ಲರಿಗೂ ಕಂಡದ್ದು ಒಂದೇ: ಗುರುತುಗಳಲ್ಲಿ ಹೆಚ್ಚಿನವು ಹಿತ್ತಲ ಬಾಗಿಲಿನ ಆಸುಪಾಸಿನಲ್ಲಿ ಮತ್ತು ಹಿತ್ತಲ ಕಾಂಪೌಂಡ್ ಗೋಡೆ ಕಾಣುವ ಕಿಟಕಿಯ ಕೆಳಗೆ ಇದ್ದವು, ಸಮಯ ಹೆಚ್ಚಾಗಿ ಮುಸ್ಸಂಜೆ ಮತ್ತು ನಸುಕು. ದೇವರ ಕೋಣೆಯ ಬಾಗಿಲು ಹಿತ್ತಲ ಬಾಗಿಲಿಗೆ ಅಂಟಿಕೊಂಡೇ ಇದೆ. ಅಂದರೆ ಹೊರಗಿನ ಗಂಡು ಬೆಕ್ಕೊಂದು ಗೋಡೆಯ ಮೇಲೆ ಓಡಾಡುವ ದಾರಿಗೆ ಎದುರಾಗಿ ಈ ಬೆಕ್ಕು ತನ್ನ ಗಡಿಯನ್ನು ಗುರುತಿಸುತ್ತಿತ್ತು. ಚಪ್ಪಲಿ ಸ್ಟ್ಯಾಂಡಿಗೂ ಅದೇ ಕಾರಣ, ಬೀದಿಯ ವಾಸನೆಗಳೆಲ್ಲ ಚಪ್ಪಲಿಯೊಂದಿಗೆ ಒಳಗೆ ಬರುತ್ತವೆ. “ದೇವರ ಕೋಣೆಗೇ ಬೇಕೂಂತ ಮಾಡುತ್ತೆ” ಎಂದು ತಿಂಗಳುಗಟ್ಟಲೆ ನೊಂದಿದ್ದ ತಾಯಿ ಆ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ತಾತ ಮಾತ್ರ ತಕ್ಷಣ ಹೇಳಿದರು: “ನಮ್ಮ ಹೊಲಕ್ಕೆ ಬಾಂದುಕಲ್ಲು ನೆಟ್ಟ ಹಂಗೆ ಅನ್ನಿ.” ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಅದರ ಹಿಂದಿರುವ ದೇಹಧರ್ಮವನ್ನು ಅವರಿಗೆ ತಿಳಿಯುವಂತೆ ಹೇಳಿದೆ. ಗಂಡು ಬೆಕ್ಕು ಪ್ರಾಯಕ್ಕೆ ಬಂದಂತೆ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಹೆಚ್ಚುತ್ತದೆ. ಅದರ ಪ್ರಭಾವದಿಂದ ಮೂತ್ರದಲ್ಲಿ ಫೆಲಿನೈನ್ ಎಂಬ ಗಂಧಕಯುಕ್ತ ಅಮೈನೋ ಆಮ್ಲ ಅಧಿಕವಾಗಿ ಹೊರಬರುತ್ತದೆ, ಅದು ಒಡೆದಾಗ ಉಂಟಾಗುವ ವಸ್ತುಗಳಿಂದಲೇ ಆ ಘಾಟು ವಾಸನೆ. ಬೆದೆಗೆ ಬಂದ ಹೆಣ್ಣು ಬೆಕ್ಕಿನ ಕೂಗು ಅಥವಾ ವಾಸನೆ ದೂರದಿಂದ ಬಂದರೂ ಸಾಕು, ಗಂಡು ಬೆಕ್ಕು ಊಟ ನಿದ್ದೆ ಬಿಟ್ಟು ಅಲೆಯುತ್ತದೆ. ಇದು ಸೇಡೂ ಅಲ್ಲ, ಹಟವೂ ಅಲ್ಲ, ಮಗಳು ಮುದ್ದು ಮಾಡಿ ಕೆಡಿಸಿದ ಫಲವೂ ಅಲ್ಲ. ಪೊರಕೆಯಲ್ಲಿ ಹೊಡೆಯುವುದು, ಮೂತ್ರಕ್ಕೆ ಮೂತಿ ಒತ್ತಿ ಹಿಡಿಯುವುದು ಇವನ್ನೆಲ್ಲ ಅಂದಿನಿಂದಲೇ ನಿಲ್ಲಿಸಬೇಕೆಂದು ಖಡಾಖಂಡಿತವಾಗಿ ಹೇಳಿದೆ. ಹೆದರಿದ ಬೆಕ್ಕು ತನ್ನ ಜಾಗವನ್ನು ಭದ್ರಪಡಿಸಿಕೊಳ್ಳಲು ಇನ್ನೂ ಹೆಚ್ಚು ಗುರುತು ಹಾಕುತ್ತದೆ.

ತಂದೆಯ ಗೋಣಿಚೀಲದ ಉಪಾಯದ ಬಗ್ಗೆ ಅವರೊಬ್ಬರೊಂದಿಗೇ ಮಾತನಾಡಿದೆ, ಏಕೆಂದರೆ ಮಗಳ ಎದುರಿನಲ್ಲಿ ಆಡಿದ ಮಾತಿನಿಂದ ಹಿಂದೆ ಸರಿಯುವುದು ಯಾವ ತಂದೆಗೂ ಕಷ್ಟ. ನಮ್ಮ ಊರುಗಳಲ್ಲಿ ಇದು ಹಳೆಯ ರೂಢಿ ಎಂಬುದು ನಿಜ. ಆದರೆ ಹಾಗೆ ಬಿಟ್ಟ ಬೆಕ್ಕು ಇನ್ನೊಂದು ಗಂಡು ಬೆಕ್ಕಿನ ಸರಹದ್ದಿಗೆ ಬೀಳುತ್ತದೆ, ಅನ್ನ ಹಾಕುವವರಿಲ್ಲದೆ ಸೊರಗುತ್ತದೆ, ಮನೆಗೆ ಮರಳಲು ಹವಣಿಸಿ ವಾಹನಕ್ಕೆ ಸಿಗುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧವೂ ಹೌದು. ಅವರು ಕಾಯ್ದೆಯ ಮಾತಿಗಿಂತ ಬೇರೊಂದು ಮಾತಿಗೆ ಹೆಚ್ಚು ಕಿವಿಗೊಟ್ಟರು: ತನ್ನ ಅಪ್ಪನ ಮಾತಿಗೆ ಹೆದರಿ ಮಗಳು ರಾತ್ರಿ ಬೆಕ್ಕನ್ನು ಕೋಣೆಯೊಳಗೆ ಹಾಕಿಕೊಂಡು ಬಾಗಿಲಿಗೆ ಚಿಲಕ ಹಾಕಿ, ಅದು ಕೂಗುವುದನ್ನು ಯಾರೂ ಕೇಳಬಾರದೆಂದು ಎಚ್ಚರವಾಗಿರುತ್ತಿದ್ದಳು. ಅವಳ ಓದು ಕೆಟ್ಟದ್ದಕ್ಕೆ ನಿದ್ದೆಗೇಡೇ ಮುಖ್ಯ ಕಾರಣವಾಗಿತ್ತು.

ಶಸ್ತ್ರಚಿಕಿತ್ಸೆಗೆ ಅಡ್ಡಿಯಾದವರು ತಾತ. ಹೋರಿಗಳನ್ನು ಕೆಡವಿ, ಕಾಲು ಕಟ್ಟಿ, ಅರಿವಳಿಕೆಯಿಲ್ಲದೆ ಬೀಜ ಒಡೆಯುತ್ತಿದ್ದುದನ್ನು ಅವರು ಚಿಕ್ಕಂದಿನಿಂದ ಕಂಡವರು. ಆ ಪ್ರಾಣಿಗಳ ಆರ್ತನಾದ ಅವರ ಮನಸ್ಸಿನಲ್ಲಿ ಈಗಲೂ ಇದೆ. “ಆ ಪಾಪ ನಮಗ್ಯಾಕವ್ವ” ಎಂದರು. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ, ಅದು ಕರುಣೆಯಿಂದ ಹುಟ್ಟಿದ ಆಕ್ಷೇಪ. ಹಾಗಾಗಿ ವಾದಿಸುವುದರ ಬದಲು, ಅವರೇ ಪಶುವೈದ್ಯರನ್ನು ಕಂಡು ಕೇಳಿ ಬರಬೇಕೆಂದು ಕೋರಿದೆ. ಬೆಕ್ಕಿಗೆ ಪೂರ್ಣ ಅರಿವಳಿಕೆ ಕೊಡುತ್ತಾರೆ, ಚಿಕ್ಕ ಗಾಯ ಮಾಡಿ ವೃಷಣಗಳನ್ನು ತೆಗೆಯುತ್ತಾರೆ, ನೋವುಶಾಮಕ ಕೊಡುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳುಹಿಸುತ್ತಾರೆ ಎಂಬುದನ್ನು ಅವರು ವೈದ್ಯರ ಬಾಯಿಂದಲೇ ಕೇಳಿದರು. ಬೀದಿಯಲ್ಲಿ ಹುಟ್ಟುವ ಮರಿಗಳು ಎಷ್ಟು ಉಳಿಯುತ್ತವೆ ಎಂಬುದನ್ನು ನಾನು ಹೇಳಬೇಕಾಗಿರಲಿಲ್ಲ, ಅವರು ದಿನವೂ ವಾಕಿಂಗ್ ಹೋಗುವ ರಸ್ತೆಯಲ್ಲಿ ಅದನ್ನು ನೋಡುತ್ತಿದ್ದರು. ಆಪರೇಷನ್ ಆದ ಬೆಕ್ಕು ಇಲಿ ಹಿಡಿಯುವುದಿಲ್ಲ ಎಂಬ ತಂದೆಯ ಅನುಮಾನಕ್ಕೂ ಆಧಾರವಿಲ್ಲ; ಬೇಟೆಯ ಪ್ರವೃತ್ತಿ ಟೆಸ್ಟೋಸ್ಟೆರಾನ್ ಅನ್ನು ಅವಲಂಬಿಸಿಲ್ಲ.

ಫಲಿತಾಂಶದ ಬಗ್ಗೆ ಅತಿಯಾದ ಭರವಸೆ ಕೊಡದಿರಲು ಎಚ್ಚರ ವಹಿಸಿದೆ. ಹತ್ತರಲ್ಲಿ ಸುಮಾರು ಒಂಬತ್ತು ಗಂಡು ಬೆಕ್ಕುಗಳಲ್ಲಿ ಮೂತ್ರ ಚಿಮ್ಮಿಸುವುದು ನಿಲ್ಲುತ್ತದೆ ಅಥವಾ ಬಹಳ ಕಡಿಮೆಯಾಗುತ್ತದೆ; ಅಲೆದಾಟ, ಕಾದಾಟಗಳೂ ಹಾಗೆಯೇ ತಗ್ಗುತ್ತವೆ. ಕೆಲವು ಬೆಕ್ಕುಗಳಲ್ಲಿ ಬದಲಾವಣೆ ಬೇಗ ಕಾಣುತ್ತದೆ, ಕೆಲವದರಲ್ಲಿ ಒಂದೆರಡು ತಿಂಗಳು ಹಿಡಿಯುತ್ತದೆ. ಶಸ್ತ್ರಚಿಕಿತ್ಸೆಯ ನಂತರವೂ ಸುಮಾರು ಒಂದು ತಿಂಗಳು ಹೆಣ್ಣು ಬೆಕ್ಕಿನಿಂದ ದೂರವಿಡಬೇಕು, ಏಕೆಂದರೆ ನಾಳಗಳಲ್ಲಿ ಉಳಿದ ವೀರ್ಯಾಣುಗಳಿಂದ ಗರ್ಭ ಕಟ್ಟುವ ಸಾಧ್ಯತೆ ಇರುತ್ತದೆ. ಕಾದಾಟ ತಗ್ಗುವುದರಿಂದ ಇನ್ನೊಂದು ಲಾಭವೂ ಇದೆ: ಬೆಕ್ಕುಗಳಲ್ಲಿ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಫ್‌ಐವಿ ವೈರಾಣು ಮುಖ್ಯವಾಗಿ ಕಚ್ಚಿದ ಗಾಯಗಳಿಂದಲೇ ಹರಡುತ್ತದೆ. ಅದು ಮನುಷ್ಯರಿಗೆ ತಗಲುವುದಿಲ್ಲ.

ಮನೆಯೊಳಗೆ ಮಾಡಬೇಕಾದದ್ದರಲ್ಲಿ ನಾನು ಹೆಚ್ಚು ಒತ್ತು ಕೊಟ್ಟದ್ದು ಶುಚಿಗೊಳಿಸುವ ಕ್ರಮಕ್ಕೆ. ತಾಯಿ ದಿನವೂ ಫಿನಾಯಿಲ್ ಹಾಕಿ ಒರೆಸುತ್ತಿದ್ದರು, ದೇವರ ಕೋಣೆಯ ಬಾಗಿಲಲ್ಲಿ ಕರ್ಪೂರದ ಪುಡಿ ಉದುರಿಸುತ್ತಿದ್ದರು, ಚಪ್ಪಲಿ ಸ್ಟ್ಯಾಂಡಿನಲ್ಲಿ ನುಸಿಗುಳಿಗೆ ಇಟ್ಟಿದ್ದರು. ಫಿನಾಯಿಲ್‌ಗಳಲ್ಲಿ ಇರುವಂಥ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ವಿಷ ಒಳಗೆ ಹೋಗುತ್ತದೆ. ಕರ್ಪೂರ, ನುಸಿಗುಳಿಗೆಗಳೂ ಅದಕ್ಕೆ ವಿಷವೇ. ಅಮೋನಿಯಾ ಇರುವ ದ್ರಾವಣಗಳ ವಾಸನೆಯಂತೂ ಮೂತ್ರವನ್ನೇ ಹೋಲುವುದರಿಂದ ಅದೇ ಜಾಗಕ್ಕೆ ಮತ್ತೆ ಕರೆಯುತ್ತದೆ. ಆದ್ದರಿಂದ ಮೊದಲು ನೀರಿನಲ್ಲಿ ತೊಳೆದು, ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವಯುಕ್ತ (ಎನ್‌ಜೈಮ್ ಇರುವ) ದ್ರಾವಣವನ್ನು ಹಾಕಿ, ಅದರ ಮೇಲೆ ಬರೆದಷ್ಟು ಹೊತ್ತು ನೆನೆಯಲು ಬಿಟ್ಟು ಒರೆಸಬೇಕೆಂದು ತಿಳಿಸಿದೆ.

ಉಳಿದವು ಸುಲಭವಾದವು. ಕಿಟಕಿಯ ಗಾಜಿನ ಕೆಳಭಾಗಕ್ಕೆ ಕಾಗದ ಅಂಟಿಸಿ ಹೊರಗಿನ ಬೆಕ್ಕು ಕಾಣದಂತೆ ಮಾಡುವುದು, ಚಪ್ಪಲಿ ಸ್ಟ್ಯಾಂಡನ್ನು ಹೊರಗಿಡುವುದು, ಅನ್ನದ ತಟ್ಟೆಯಿಂದ ದೂರದಲ್ಲಿ ಎರಡು ಮರಳಿನ ಟ್ರೇಗಳನ್ನಿಟ್ಟು ದಿನವೂ ಶುಚಿಗೊಳಿಸುವುದು, ಮರದ ಕಂಬಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಿ ಪರಚಲು ಕೊಡುವುದು, ಸಂಜೆ ದಾರಕ್ಕೆ ಗರಿ ಕಟ್ಟಿ ದಣಿಯುವಷ್ಟು ಆಡಿಸಿ ಆಮೇಲೆ ಊಟ ಕೊಟ್ಟು ರಾತ್ರಿ ಒಳಗೇ ಇರಿಸುವುದು. ಬರಿಗೈಯಲ್ಲಿ ಆಟವಾಡಿಸಬಾರದು.

ಆದರೆ ಈ ಮನೆಯ ಜಗಳದ ಬೇರು ಬೆಕ್ಕಿನಲ್ಲಿ ಮಾತ್ರ ಇರಲಿಲ್ಲ. ಬೆಕ್ಕನ್ನು ಮುದ್ದಿಸುವವಳು ಮಗಳು, ಬೈಯುವವರು ತಂದೆ, ದಯೆ ತೋರುವವರು ತಾತ, ಮೂತ್ರ ಒರೆಸುವವರು ಮಾತ್ರ ಪ್ರತಿದಿನವೂ ತಾಯಿ. ಬೆಳಗ್ಗೆ ಸ್ನಾನ ಮಾಡಿ ಪೂಜೆಗೆ ಹೊರಟ ಹೊತ್ತಿನಲ್ಲಿ ಆ ಬಾಗಿಲನ್ನು ತೊಳೆದು ಮತ್ತೆ ಸ್ನಾನ ಮಾಡಿ ಶಾಲೆಗೆ ಓಡುತ್ತಿದ್ದ ಅವರ ಬೇಸರವನ್ನು ಯಾರೂ ಕೇಳಿರಲಿಲ್ಲ. ಮಡಿಯ ಬಗ್ಗೆ ಅವರಿಗಿದ್ದ ನಿಷ್ಠೆಯೂ ಬೆಕ್ಕಿನ ಬಗ್ಗೆ ಮಗಳಿಗಿದ್ದ ಪ್ರೀತಿಯೂ ನನ್ನ ದೃಷ್ಟಿಯಲ್ಲಿ ಸಮಾನ ಗೌರವಕ್ಕೆ ಅರ್ಹವಾದವು. ಮಗಳಿಗೆ, “ನೀನು ಅದನ್ನು ಉಳಿಸಿಕೊಳ್ಳಬೇಕಾದರೆ ಅದರ ಕೆಲಸದಲ್ಲೂ ನಿನ್ನ ಪಾಲಿರಬೇಕಮ್ಮ” ಎಂದೆ. ಬೆಳಗಿನ ಶುಚಿ ಮತ್ತು ಟ್ರೇ ಮಗಳ ಪಾಲಿಗೆ, ಪರೀಕ್ಷೆಯ ದಿನಗಳಲ್ಲಿ ತಂದೆಯ ಪಾಲಿಗೆ, ಸಂಜೆಯ ಆಟ ಮತ್ತು ಊಟ ತಾತನ ಪಾಲಿಗೆ ಎಂದು ಅವರೇ ಹಂಚಿಕೊಂಡರು. ತಾಯಿಗೆ ಯಾವ ಪಾಲೂ ಇಲ್ಲ. ಆಪರೇಷನ್ನಿನ ಖರ್ಚನ್ನು ತಂದೆ ತಾವಾಗಿಯೇ ವಹಿಸಿಕೊಂಡರು, ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋದವರು ತಂದೆ ಮತ್ತು ಮಗಳು.

ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರಗಳಲ್ಲಿ ರಾತ್ರಿಯ ಕೂಗು ನಿಂತಿತು, ಮೂತ್ರದ ಘಾಟು ಇಳಿಯಿತು, ದೇವರ ಕೋಣೆಯ ಬಾಗಿಲು ಒಣಗಿಯೇ ಉಳಿಯಿತು. ಹಿತ್ತಲ ಕಿಟಕಿಯ ಕೆಳಗೆ ಮಾತ್ರ ಹೊರಗಿನ ಬೆಕ್ಕು ಬಂದಾಗ ಈಗಲೂ ಒಮ್ಮೊಮ್ಮೆ ಚಿಮ್ಮಿಸುತ್ತದೆ. ಅಲ್ಲಿ ಅದರ ಅನ್ನದ ತಟ್ಟೆಯನ್ನಿಡಲು ಸೂಚಿಸಿದ್ದೇನೆ, ಉಣ್ಣುವ ಜಾಗದಲ್ಲಿ ಬೆಕ್ಕುಗಳು ಸಾಮಾನ್ಯವಾಗಿ ಮೂತ್ರ ಹಾಕುವುದಿಲ್ಲ. ಆಪರೇಷನ್ ಆದ ಬೆಕ್ಕಿಗೆ ಮೊದಲಿನಷ್ಟು ಆಹಾರ ಬೇಕಿಲ್ಲ. ತಾತ ಪ್ರೀತಿಯಿಂದ ಹೆಚ್ಚು ಹಾಕುತ್ತಿದ್ದುದರಿಂದ ಅದು ದಪ್ಪಗಾಗತೊಡಗಿತ್ತು, ಊಟವನ್ನು ಅಳೆದು ಹಾಕಲು ಹೇಳಿದ್ದೇನೆ. ಕೊನೆಯ ಭೇಟಿಯಲ್ಲಿ ಮಗಳು ಇನ್ನೊಂದು ಮರಿ ತರಬಹುದೇ ಎಂದು ಕೇಳಿದಳು. ಕಿಟಕಿಯ ಸಮಸ್ಯೆ ಪೂರ್ತಿ ಬಗೆಹರಿಯುವವರೆಗೆ ಬೇಡವೆಂದೆ. ಮುಂದೆ ತಂದರೂ ಮೊದಲ ಕೆಲವು ವಾರ ಬೇರೆ ಕೋಣೆಯಲ್ಲಿಟ್ಟು ವಾಸನೆಯ ಮೂಲಕ ಪರಿಚಯಿಸಬೇಕು, ಗಂಡಾಗಲಿ ಹೆಣ್ಣಾಗಲಿ ಐದು ತಿಂಗಳ ಸುಮಾರಿಗೆ, ಪ್ರಾಯಕ್ಕೆ ಬರುವ ಮೊದಲೇ, ಪಶುವೈದ್ಯರನ್ನು ಕಂಡು ಆಪರೇಷನ್ನಿಗೆ ದಿನ ಗೊತ್ತು ಮಾಡಬೇಕು ಎಂದು ತಾಯಿಯ ಎದುರಿನಲ್ಲೇ ಹೇಳಿ ಕಳುಹಿಸಿದೆ.