‘ಮೈ ಫಾದರ್ ಎ ಟೀಚರ್’ ಯಾಕೆ ಪೂರ್ತಿ ವಾಕ್ಯವಲ್ಲ?

‘ಮೈ ಫಾದರ್ ಎ ಟೀಚರ್’, ‘ಬಿಕಾಸ್ ದ ಬಸ್ ವಾಸ್ ಲೇಟ್’: ಇಂಗ್ಲಿಷ್‌ನಲ್ಲಿ ಈ ಎರಡೂ ವಾಕ್ಯಗಳು ಅಪೂರ್ಣವೇ, ಆದರೆ ಕಾರಣ ಬೇರೆ ಬೇರೆ. ಮೊದಲನೆಯದು ಬಹುಶಃ ಕನ್ನಡದ ಅಭ್ಯಾಸ. ‘ನಮ್ಮಪ್ಪ ಮೇಷ್ಟ್ರು’ ಅಂದರೆ ನಮ್ಮಲ್ಲಿ ಕ್ರಿಯಾಪದವಿಲ್ಲದೆಯೂ ವಾಕ್ಯ ಮುಗಿಯುತ್ತದೆ. ‘ಬಂದೆ’ ಅಂದರೆ ‘ನಾನು’ ಬೇಕಿಲ್ಲ. ಇಂಗ್ಲಿಷ್‌ನಲ್ಲಿ ಎರಡನ್ನೂ ಬಾಯಿಬಿಟ್ಟು ಹೇಳಲೇಬೇಕು.

ಇಂಗ್ಲಿಷ್ ವಾಕ್ಯ ಪೂರ್ತಿಯಾಗಿದೆಯೇ ಎಂದು ನೋಡಲು ಮೊದಲು ಕಾಲ ತೋರಿಸುವ ಕ್ರಿಯಾಪದ ಹುಡುಕಿ: ಈಸ್, ವಾಸ್, ವೆಂಟ್, ವಿಲ್ ಗೋ. ಬರೀ ‘ಗೋಯಿಂಗ್’, ‘ಟು ಗೋ’ ಸಾಲದು. ಹೆಚ್ಚಿನವರು ಎಡವುವುದು ಇಲ್ಲೇ. ‘ದ ಬಾಯ್ ರನ್ನಿಂಗ್ ಆನ್ ದ ರೋಡ್’ ಎಷ್ಟೇ ಉದ್ದ ಕಂಡರೂ ‘ರಸ್ತೆಯಲ್ಲಿ ಓಡುತ್ತಿರುವ ಹುಡುಗ’ ಅಷ್ಟೇ. ‘ಬಾಯ್’ ಆದಮೇಲೆ ‘ವಾಸ್’ ಹಾಕಿ, ಸರಿಯಾಗುತ್ತದೆ.

ಆಮೇಲೆ ಆ ಕ್ರಿಯಾಪದಕ್ಕೆ ‘ಯಾರು, ಏನು’ ಎಂದು ಕೇಳಿ. ಉತ್ತರ ವಾಕ್ಯದಲ್ಲೇ ಇರಬೇಕು: ‘ಈಸ್ ರೇನಿಂಗ್’ ತಪ್ಪು, ‘ಇಟ್ ಈಸ್ ರೇನಿಂಗ್’ ಸರಿ. ‘ಸಿಟ್ ಡೌನ್’ ತರಹದ ಆಜ್ಞೆಗೆ ವಿನಾಯಿತಿ ಇದೆ.

ಕೊನೆಗೆ, ಬಿಕಾಸ್, ಇಫ್, ಆಲ್ದೋ ಇಂದ ಶುರುವಾಗಿದ್ದರೆ ಇನ್ನೊಂದು ಪೂರ್ತಿ ಭಾಗ ಜೋಡಿಸಿ: ‘ಐ ಮಿಸ್ಡ್ ದ ಎಕ್ಸಾಮ್ ಬಿಕಾಸ್ ದ ಬಸ್ ವಾಸ್ ಲೇಟ್’. ಕತೆ, ಜಾಹೀರಾತುಗಳಲ್ಲಿ ಒಂಟಿ ‘ಬಿಕಾಸ್’ ಕಾಣುವುದುಂಟು. ನಿಮ್ಮ ಪರೀಕ್ಷಕರು ಅದನ್ನು ಒಪ್ಪುತ್ತಾರೆಂಬ ಖಾತ್ರಿಯಿಲ್ಲ, ಉತ್ತರಪತ್ರಿಕೆಯಲ್ಲಿ ಬೇಡ.