ಓದುಗರ ಪ್ರಶ್ನೆ, ವೈದ್ಯರ ಉತ್ತರ: ಪಿಸಿಒಎಸ್ ನಿಜವಾಗಿ ಎಷ್ಟು ಮಂದಿಗೆ ಇದೆ?

ಪ್ರಶ್ನೆ: ನನಗೆ 27 ವರ್ಷ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ, ಗದ್ದದ ಮೇಲೆ ದಪ್ಪ ಕೂದಲು ಬೆಳೆಯುತ್ತಿದೆ. ಪರೀಕ್ಷಿಸಿದ ವೈದ್ಯರು ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಹಾರ್ಮೋನುಗಳ ಏರುಪೇರಿನ ತೊಂದರೆ) ಎಂದರು. ಇದು ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇರುತ್ತದೆ ಎಂದು ಒಂದು ಕಡೆ, ಐವರಲ್ಲಿ ಒಬ್ಬರಿಗೆ ಎಂದು ಇನ್ನೊಂದು ಕಡೆ ಓದಿದೆ. ಯಾವುದು ಸರಿ? 16 ವರ್ಷದ ನನ್ನ ತಂಗಿಗೆ ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದಾಗ ಅಂಡಾಶಯದಲ್ಲಿ ನೀರುಗುಳ್ಳೆಗಳಿವೆ ಎಂದು ವರದಿ ಬಂತು. ಅವಳ ಮುಟ್ಟು ಸರಿಯಾಗಿದೆ. ಅವಳಿಗೂ ಇದೇ ತೊಂದರೆಯೇ? ಇಷ್ಟೊಂದು ಜನರಿಗೆ ಇರುವುದಾದರೆ ತಲೆ ಕೆಡಿಸಿಕೊಳ್ಳಬೇಡ ಎಂದು ಮನೆಯಲ್ಲಿ ಹೇಳುತ್ತಾರೆ.

ಉತ್ತರ: ನೀವು ಓದಿರುವ ಎರಡು ಲೆಕ್ಕಗಳಿಗೂ ಆಧಾರವಿದೆ. ಪಿಸಿಒಎಸ್ ಇದೆ ಅಥವಾ ಇಲ್ಲ ಎಂದು ಒಂದೇ ರಕ್ತಪರೀಕ್ಷೆಯಿಂದ ಹೇಳಲು ಬರುವುದಿಲ್ಲ. ಕೆಲವು ಲಕ್ಷಣಗಳನ್ನು ಒಟ್ಟಿಗೆ ನೋಡಿ ನಿರ್ಧರಿಸಬೇಕಾಗುತ್ತದೆ, ಯಾವ ಲಕ್ಷಣಗಳು ಇರಬೇಕು ಎಂಬ ನಿಯಮವೂ ಕಾಲಕಾಲಕ್ಕೆ ಬದಲಾಗಿದೆ. 1990ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ನಿಯಮದಂತೆ ಮುಟ್ಟಿನ ಏರುಪೇರು ಮತ್ತು ಆಂಡ್ರೋಜನ್ (ಗಂಡಸರಲ್ಲಿ ಹೆಚ್ಚಿರುವ, ಮುಖದ ಕೂದಲು ಬೆಳೆಸುವ) ಹಾರ್ಮೋನಿನ ಹೆಚ್ಚಳ ಎರಡೂ ಇರಲೇಬೇಕಿತ್ತು. 2003ರಲ್ಲಿ ನೆದರ್ಲೆಂಡ್ಸಿನ ರೋಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಸ್ಕ್ಯಾನಿನಲ್ಲಿ ಕಾಣುವ ಅಂಡಾಶಯದ ರೂಪವನ್ನು ಮೂರನೆಯ ಲಕ್ಷಣವಾಗಿ ಸೇರಿಸಿ, ಮೂರರಲ್ಲಿ ಯಾವುದಾದರೂ ಎರಡಿದ್ದರೆ ಸಾಕು ಎಂದರು. ಜರಡಿಯ ಕಣ್ಣು ಬದಲಾದರೆ ಉಳಿಯುವ ಕಾಳಿನ ಲೆಕ್ಕವೂ ಬದಲಾಗುತ್ತದೆ. ಆಸ್ಟ್ರೇಲಿಯಾದಲ್ಲಿ 728 ಹೆಂಗಸರನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ: ಹಳೆಯ ನಿಯಮದಂತೆ ಅವರಲ್ಲಿ ಸುಮಾರು ಶೇ 9ರಷ್ಟು ಮಂದಿಗೆ ಪಿಸಿಒಎಸ್ ಇತ್ತು, ರೋಟರ್‌ಡ್ಯಾಮ್ ನಿಯಮದಂತೆ ಶೇ 12ರಷ್ಟು, ಸ್ಕ್ಯಾನ್ ಮಾಡಿಸದೇ ಇದ್ದವರನ್ನೂ ಅಂದಾಜಿನಿಂದ ಸೇರಿಸಿದಾಗ ಸುಮಾರು ಶೇ 18ರಷ್ಟು. ನೀವು ಓದಿದ ‘ಐವರಲ್ಲಿ ಒಬ್ಬರು’ ಇಂಥ ವಿಶಾಲವಾದ ಎಣಿಕೆಗಳಿಂದ ಬಂದದ್ದು. ಮಕ್ಕಳನ್ನು ಹೆರುವ ವಯಸ್ಸಿನವರಲ್ಲಿ ಶೇ 10ರಿಂದ 13ರಷ್ಟು ಎಂಬುದು ಈಗ ಬಹುತೇಕ ತಜ್ಞರು ಒಪ್ಪುವ ಅಂದಾಜು. ನಾನೂ ಅದನ್ನೇ ಹೇಳುತ್ತೇನೆ.

ಆದರೆ ಈ ಅಂಕಿಗಿಂತ ನನ್ನನ್ನು ಹೆಚ್ಚು ಕಾಡುವುದು ಮತ್ತೊಂದು ಅಂಕಿ. ಪಿಸಿಒಎಸ್ ಇರುವವರಲ್ಲಿ ಗರಿಷ್ಠ ಶೇ 70ರಷ್ಟು ಮಂದಿಗೆ ಅದು ಇರುವುದೇ ಪತ್ತೆಯಾಗಿರಲಿಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಮೊಡವೆಗೆಂದು ಚರ್ಮದ ವೈದ್ಯರ ಬಳಿ, ಕೂದಲಿಗೆಂದು ಬ್ಯೂಟಿ ಪಾರ್ಲರಿಗೆ, ಕೆಲವು ವರ್ಷಗಳ ನಂತರ ಮಕ್ಕಳಾಗಲಿಲ್ಲವೆಂದು ಇನ್ನೊಬ್ಬ ವೈದ್ಯರ ಬಳಿ ಹೋಗುವ ಹೆಂಗಸಿನ ಈ ಎಲ್ಲ ದೂರುಗಳನ್ನೂ ಒಟ್ಟಿಗೆ ಕೇಳಿಸಿಕೊಳ್ಳುವವರೇ ಇರುವುದಿಲ್ಲ. ಮಾತಾಡುವಷ್ಟು ಹೊತ್ತೂ ಗದ್ದಕ್ಕೆ ಅಂಗೈ ಆನಿಸಿಕೊಂಡು ಕೂರುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬರುವ ಮುನ್ನ ಚಿಮಟದಿಂದ ಕೂದಲು ಕಿತ್ತಿರುತ್ತಾರೆ, ಅಲ್ಲಿ ಚರ್ಮ ಕೆಂಪಗಿರುತ್ತದೆ, ಆದರೂ ಕೇಳುವವರೆಗೆ ಬಾಯಿ ಬಿಡುವುದಿಲ್ಲ. ಕೇಳಬೇಕಾದದ್ದು ವೈದ್ಯರಾದ ನಮ್ಮ ಕೆಲಸ. ನೀವು ಈ ಅಂಕಣಕ್ಕೆ ಅದನ್ನು ಮುಚ್ಚುಮರೆಯಿಲ್ಲದೆ ಬರೆದಿರುವುದು ನನಗೆ ಸಮಾಧಾನ ತಂದಿದೆ.

ಇನ್ನು ತಂಗಿಯ ವಿಷಯ. ‘ನೀರುಗುಳ್ಳೆ’ ಎಂಬ ಮಾತು ಅನಾವಶ್ಯಕವಾಗಿ ಹೆದರಿಸುತ್ತದೆ. ಸ್ಕ್ಯಾನಿನ ಚಿತ್ರದಲ್ಲಿ ಅಂಡಾಶಯದ ಅಂಚಿನುದ್ದಕ್ಕೂ ಮಣಿ ಪೋಣಿಸಿದಂತೆ ಕಾಣುವ ಕಪ್ಪು ಚುಕ್ಕೆಗಳು ಒಂದು ಸೆಂಟಿಮೀಟರಿಗಿಂತ ಚಿಕ್ಕವು. ಅಂಡಾಣುವನ್ನು ಹೊತ್ತು, ಪೂರ್ತಿ ಬಲಿಯದೆ ನಿಂತಿರುವ ಕೋಶಿಕೆಗಳು ಅವು. ತೆಗೆಯಬೇಕಾದ ಗೆಡ್ಡೆಗಳಲ್ಲ. 1935ರಲ್ಲಿ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು ಏಳು ಹೆಂಗಸರಲ್ಲಿ ಈ ತೊಂದರೆಯನ್ನು ಕಂಡು ವರದಿ ಮಾಡಿದಾಗ ಅಂಡಾಶಯದ ಈ ರೂಪವೇ ಕಣ್ಣಿಗೆ ಬಿದ್ದದ್ದರಿಂದ ‘ಪಾಲಿಸಿಸ್ಟಿಕ್’ (ಹಲವು ನೀರುಗುಳ್ಳೆಗಳ) ಎಂಬ ಹೆಸರೂ ಅಂಟಿಕೊಂಡಿತು. ಯಾವ ತೊಂದರೆಯೂ ಇಲ್ಲದ ಯುವತಿಯರಲ್ಲಿಯೂ ಸುಮಾರು ಐವರಲ್ಲಿ ಒಬ್ಬರ ಅಂಡಾಶಯ ಹೀಗೆಯೇ ಕಾಣುತ್ತದೆ, ಹದಿಹರೆಯದಲ್ಲಂತೂ ಅದು ತೀರಾ ಸಾಮಾನ್ಯ. ಆದ್ದರಿಂದಲೇ ಹದಿಹರೆಯದವರಲ್ಲಿ ಪಿಸಿಒಎಸ್ ನಿರ್ಣಯಕ್ಕೆ ಸ್ಕ್ಯಾನನ್ನು ಬಳಸಬಾರದು ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಮುಟ್ಟು ಸರಿಯಾಗಿರುವ, ಮೈಮೇಲೆ ಹೆಚ್ಚಿನ ಕೂದಲಾಗಲಿ ತೀವ್ರವಾದ ಮೊಡವೆಯಾಗಲಿ ಇಲ್ಲದ ಹುಡುಗಿಗೆ ಈ ಹೆಸರು ಹಚ್ಚಬೇಡಿ. ಅಕ್ಕನಿಗೆ ಇದ್ದಾಗ ತಂಗಿಗೂ ಬರುವ ಸಾಧ್ಯತೆ ಸ್ವಲ್ಪ ಹೆಚ್ಚಿರುವುದರಿಂದ ಮುಟ್ಟಿನ ದಿನಾಂಕಗಳನ್ನು ಬರೆದಿಟ್ಟುಕೊಳ್ಳಲಿ, ಅಷ್ಟು ಸಾಕು. ಅಂದಹಾಗೆ, ಹೊಟ್ಟೆನೋವು ಪಿಸಿಒಎಸ್‌ನ ಲಕ್ಷಣವಲ್ಲ. ವರದಿ ಬಂತೆಂದು ನೋವಿನ ನಿಜವಾದ ಕಾರಣವನ್ನು ಹುಡುಕುವುದನ್ನು ನಿಲ್ಲಿಸಬೇಡಿ.

ಕೊನೆಯದಾಗಿ, ಮನೆಯವರ ಮಾತು. ಅದನ್ನು ನಾನು ಒಪ್ಪುವುದಿಲ್ಲ. ಅಂಡ ಬಿಡುಗಡೆಯಾಗದೆ ತಿಂಗಳುಗಟ್ಟಲೆ ಮುಟ್ಟು ನಿಂತಾಗ ಗರ್ಭಕೋಶದ ಒಳಪದರ ಕಳಚದೆ ದಪ್ಪವಾಗುತ್ತ ಹೋಗುತ್ತದೆ, ಹೀಗೆಯೇ ವರ್ಷಗಳು ಕಳೆದರೆ ಆ ಪದರದ ಕ್ಯಾನ್ಸರಿನ ಸಂಭವ ಹೆಚ್ಚುತ್ತದೆ. ಮೂರು ತಿಂಗಳು ದಾಟಿಯೂ ಮುಟ್ಟಾಗದಿದ್ದರೆ ವೈದ್ಯರನ್ನು ಕಾಣಲೇಬೇಕು. ಪಿಸಿಒಎಸ್ ಇರುವ ಬಹಳಷ್ಟು ಮಂದಿಯ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ; ಆಗ ರಕ್ತದಲ್ಲಿ ಹೆಚ್ಚಾಗುವ ಇನ್ಸುಲಿನ್ ಅಂಡಾಶಯವನ್ನು ಪ್ರಚೋದಿಸಿ ಆಂಡ್ರೋಜನ್ನನ್ನು ಹೆಚ್ಚಿಸುತ್ತದೆ. ಗದ್ದದ ಕೂದಲಿಗೂ ಮುಂದೆ ಬರಬಹುದಾದ ಸಕ್ಕರೆ ಕಾಯಿಲೆಗೂ ಇರುವ ನಂಟು ಇದೇ. ಆದ್ದರಿಂದ ನಿಮ್ಮ ವಯಸ್ಸು ಚಿಕ್ಕದಾದರೂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ತೆಗೆಯುವ ಪರೀಕ್ಷೆಯನ್ನು ಒಮ್ಮೆ ಮಾಡಿಸಿ, ಬಳಿಕ ವೈದ್ಯರು ಹೇಳಿದಂತೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಮಾಡಿಸುತ್ತಿರಿ. ಖಾಲಿ ಹೊಟ್ಟೆಯ ಪರೀಕ್ಷೆಯೊಂದರಲ್ಲೇ ಎಷ್ಟೋ ಸಲ ದೋಷ ಕಾಣುವುದಿಲ್ಲ. ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲಿಗೆ ಕಾರಣವಾಗುವ ಹಾರ್ಮೋನು) ನೋಡಿದ್ದಾರೆಯೇ ಎಂದೂ ಕೇಳಿ, ಅವುಗಳ ಏರುಪೇರಿನಿಂದಲೂ ಮುಟ್ಟು ತಪ್ಪುತ್ತದೆ.

ಮಕ್ಕಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಪಿಸಿಒಎಸ್ ಇರುವ ಹೆಚ್ಚಿನವರಿಗೆ ಮಕ್ಕಳಾಗುತ್ತವೆ, ಕೆಲವರಿಗೆ ಅಂಡ ಬಿಡುಗಡೆಗೆ ಲೆಟ್ರೊಝೋಲ್‌ನಂಥ ಮಾತ್ರೆ ಬೇಕಾಗುತ್ತದೆ. ಮುಟ್ಟು ಅಪರೂಪವಾಗಿರುವುದು ಗರ್ಭನಿರೋಧಕವೇನೂ ಅಲ್ಲ ಎಂಬುದನ್ನೂ ನೆನಪಿಡಿ.

ಪ್ರಶ್ನೆ: ನಾನು ತೆಳ್ಳಗಿದ್ದೇನೆ. ನನಗೂ ಪಿಸಿಒಎಸ್ ಇರಬಹುದೇ?

ಉತ್ತರ: ಇರಬಹುದು. ನಿರ್ಣಯದ ಮೂರು ಲಕ್ಷಣಗಳಲ್ಲಿ ತೂಕ ಇಲ್ಲವೇ ಇಲ್ಲ. ತೂಕ ಹೆಚ್ಚಿದ್ದವರಲ್ಲಿ ತೊಂದರೆ ಬಲವಾಗುತ್ತದೆ, ಅಂಥವರು ಸ್ವಲ್ಪ ಇಳಿಸಿಕೊಂಡರೂ ಎಷ್ಟೋ ಸಲ ಮುಟ್ಟು ಹಳಿಗೆ ಬರುತ್ತದೆ. ತೆಳ್ಳಗಿರುವವರು ತೂಕ ಇಳಿಸಲು ಹೋಗಬಾರದು.

ಪ್ರಶ್ನೆ: ನನಗೆ 43 ವರ್ಷ. ಮೊದಲೆಲ್ಲ ತಪ್ಪುತ್ತಿದ್ದ ಮುಟ್ಟು ಈಗ ಸರಿಯಾಗಿ ಬರುತ್ತಿದೆ. ಪಿಸಿಒಎಸ್ ವಾಸಿಯಾಯಿತೇ?

ಉತ್ತರ: ವಯಸ್ಸಾದಂತೆ ಅಂಡಾಶಯದ ಕೋಶಿಕೆಗಳು ಕಡಿಮೆಯಾಗುವುದರಿಂದ ಮುಟ್ಟು ಕ್ರಮಕ್ಕೆ ಬರುವುದುಂಟು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಸಂಭವ ಅದರೊಂದಿಗೆ ಹೋಗುವುದಿಲ್ಲ. ಆ ಪರೀಕ್ಷೆಗಳನ್ನು ನಿಲ್ಲಿಸಬೇಡಿ. ಹೊಸ ವೈದ್ಯರ ಬಳಿ ಹೋದಾಗಲೂ ನಿಮಗೆ ಪಿಸಿಒಎಸ್ ಇತ್ತೆಂದು ತಿಳಿಸಿ.